ದಯಮಾಡಿಸಿದ ಸಚಿವರು

ಮಳೆಗೆ ಊರಿನ ಸೇತುವೆಯೊಂದು ಕುಸಿಯಿತು ಎಂದಿಟ್ಟುಕೊಳ್ಳಿ. ನಾಲ್ಕನೇ ದಿನ ಸಚಿವರು ಬಂದರು. ವರದಿಗಾರ ಬರೆಯುವುದು ಹೀಗೆ: ‘ಸಚಿವರು ಶುಕ್ರವಾರ ಸ್ಥಳಕ್ಕೆ ಭೇಟಿ ನೀಡಿದರು.’ ಭಾನುವಾರದ ಅಂಕಣದಲ್ಲಿ ಅದೇ ಸಂಗತಿ ಹೀಗೆ ಬರುತ್ತದೆ: ‘ಸಚಿವರು ಶುಕ್ರವಾರ ಸ್ಥಳಕ್ಕೆ ದಯಮಾಡಿಸಿದರು.’

ಬೈಗುಳ ಎಲ್ಲಿದೆ, ಹುಡುಕಿ ನೋಡಿ. ಸಿಗುವುದಿಲ್ಲ. ಆರೋಪವೂ ಇಲ್ಲ. ಹಾಗೆ ನೋಡಿದರೆ ಎರಡನೇ ವಾಕ್ಯದಲ್ಲೇ ಮರ್ಯಾದೆ ಒಂದು ತೂಕ ಹೆಚ್ಚು. ಆದರೂ ಓದುಗ ನಗುವುದು ಎರಡನೆಯದಕ್ಕೆ. ದಯಮಾಡಿಸುವುದು ಅರಮನೆಯ, ಮಠದ, ಮದುವೆ ಕರೆಯೋಲೆಯ ಮಾತು. ತನ್ನ ಕೆಲಸಕ್ಕೆ ತಾನು ಬಂದವನಿಗೆ ಯಾರೂ ಹಾಗನ್ನುವುದಿಲ್ಲ. ಬರಲೇಬೇಕೆಂದೇನೂ ಇಲ್ಲದೆ, ನಮ್ಮ ಮೇಲಿನ ಅಭಿಮಾನಕ್ಕೆ ಬಂದವರಿಗೆ ಅನ್ನುತ್ತಾರೆ. ಮುರಿದ ಕಾಂಕ್ರೀಟು, ಹೊರಗೆ ಚಾಚಿಕೊಂಡ ಕಂಬಿಗಳ ನಡುವೆ ಆ ಪದವನ್ನು ತಂದಿಟ್ಟರೆ ಉಳಿದ ಲೆಕ್ಕವನ್ನು ಓದುಗನೇ ಹಾಕಿಕೊಳ್ಳುತ್ತಾನೆ. ನಾಲ್ಕು ದಿನ ಇವರು ಎಲ್ಲಿದ್ದರು? ಬಂದದ್ದು ಕರ್ತವ್ಯಕ್ಕೋ, ಉಪಕಾರಕ್ಕೋ? ಅಂಕಣಕಾರ ಈ ಪ್ರಶ್ನೆಗಳನ್ನು ಕೇಳಿಲ್ಲ. ಕೇಳುವ ಹಾಗೆ ಮಾಡಿದ್ದಾನೆ, ಅಷ್ಟೆ.

ಇದೇ ವಾಕ್ಯವನ್ನು ಇನ್ನಷ್ಟು ತಿರುಗಿಸಬಹುದು. ‘ಸಚಿವರು ಕೊನೆಗೂ ಬಂದರು’ ಅಂದರೆ ತಡವಾದ ದಿನಗಳೆಲ್ಲ ಆ ‘ಕೊನೆಗೂ’ದಲ್ಲಿ ಬಂದು ಕೂರುತ್ತವೆ. ‘ಸಚಿವರು ಬಂದು ಹೋದರು’ ಅಂದರೆ ಬಂದದ್ದಕ್ಕೂ ಹೋದದ್ದಕ್ಕೂ ನಡುವೆ ಏನೂ ಆಗಲಿಲ್ಲ ಎಂದರ್ಥ. ‘ಸಚಿವರೂ ಬಂದರು’ ಅನ್ನಿ. ಒಂದು ದೀರ್ಘದಿಂದ ಸಚಿವರು ಸೇತುವೆ ನೋಡಲು ಬಂದ ಊರ ಜನರ ಗುಂಪಿನಲ್ಲಿ ಒಬ್ಬರಾಗಿಬಿಡುತ್ತಾರೆ. ‘ಸಚಿವರು ಬಂದಿದ್ದರಂತೆ’ ಅಂದರೆ ಅವರು ಬಂದದ್ದು ಊರಿಗೇ ಗೊತ್ತಾಗಲಿಲ್ಲ. ಪ್ರತಿ ವಾಕ್ಯದಲ್ಲೂ ಸಂಗತಿ ಒಂದೇ, ಕರ್ತೃ ಒಬ್ಬರೇ. ಬದಲಾದದ್ದು ಒಂದು ಅವ್ಯಯ, ಒಂದು ಪ್ರತ್ಯಯ, ಕೆಲವೊಮ್ಮೆ ಬರೀ ಒಂದು ಕೊಂಬಿನ ಉದ್ದ.

ಟೀಕೆ ಎಂದರೆ ಖಾರದ ವಿಶೇಷಣಗಳ ಸಾಲು ಎಂಬ ನಂಬಿಕೆ ಹೊಸದಾಗಿ ಬರೆಯುವವರಲ್ಲಿ ಗಟ್ಟಿಯಾಗಿದೆ. ‘ಈ ಲಜ್ಜೆಗೆಟ್ಟ, ಭ್ರಷ್ಟ, ಜನವಿರೋಧಿ ಆಡಳಿತದ ನಾಚಿಕೆಗೇಡಿನ ವರ್ತನೆ’ ಎಂದು ಶುರುವಾದ ಅಂಕಣ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಬುತ್ತಿಯೆಲ್ಲ ಖಾಲಿಯಾಗಿ ಏದುಸಿರು ಬಿಡುತ್ತದೆ. ಅದರ ಪಕ್ಕದಲ್ಲಿ ಇದನ್ನಿಟ್ಟು ನೋಡಿ: ‘ಸೇತುವೆಯ ಉದ್ಘಾಟನಾ ಫಲಕ ಮಾತ್ರ ನೆಟ್ಟಗೆ ನಿಂತಿದೆ.’ ಇಲ್ಲಿ ಯಾರನ್ನೂ ಏನೂ ಅಂದಿಲ್ಲ. ‘ಮಾತ್ರ’ ಎಂಬ ಪದವನ್ನು ತೆಗೆದರೆ ಅದು ಒಂದು ಸಾದಾ ವರದಿ. ಇಟ್ಟರೆ ಗುತ್ತಿಗೆದಾರನಿಂದ ಹಿಡಿದು ಫಲಕದ ಮೇಲೆ ಹೆಸರು ಕೆತ್ತಿಸಿಕೊಂಡವರ ತನಕ ಎಲ್ಲರೂ ತಲೆ ತಗ್ಗಿಸಬೇಕಾದ ಮಾತು. ವಿಶೇಷಣ ಬರೆಯುವವನ ಸಿಟ್ಟನ್ನು ತೋರಿಸುತ್ತದೆ. ಓದುವವನಿಗೆ ಸಿಟ್ಟು ಬರಿಸುವ ಕೆಲಸ ಮಾಡುವುದು ಇಂಥ ಸಣ್ಣಪುಟ್ಟ ಪದಗಳೇ.

ನಮ್ಮ ಕಾವ್ಯಮೀಮಾಂಸೆಗೆ ಇದು ಗೊತ್ತಿಲ್ಲದ ವಿಷಯವಲ್ಲ. ಸುಮಾರು ಹತ್ತನೇ ಶತಮಾನದ ಕಾಶ್ಮೀರದ ಕುಂತಕ ‘ವಕ್ರೋಕ್ತಿಜೀವಿತ’ದಲ್ಲಿ ಮಾತಿನ ಕೊಂಕನ್ನು ಆರು ಬಗೆಯಾಗಿ ವಿಂಗಡಿಸಿದ. ವರ್ಣಗಳ ಜೋಡಣೆಯಿಂದ ಶುರುವಾಗಿ ಇಡೀ ಪ್ರಬಂಧದ ತನಕ ಹೋಗುವ ಆ ಪಟ್ಟಿಯಲ್ಲಿ ಪದದ ಕೊನೆಗೆ ಅಂಟುವ ಪ್ರತ್ಯಯಕ್ಕೂ ಒಂದು ಸ್ವತಂತ್ರ ಜಾಗವಿದೆ. ಏಕವಚನದ ಜಾಗದಲ್ಲಿ ಬಹುವಚನ ಬಂದರೆ, ಒಂದು ಪುರುಷದ ಜಾಗದಲ್ಲಿ ಇನ್ನೊಂದು ಬಂದರೆ ಹುಟ್ಟುವ ಬೆಡಗನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಅವನ ಕಣ್ಣಮುಂದೆ ಇದ್ದದ್ದು ಕಾವ್ಯ. ಆದರೆ ಸಾವಿರ ವರ್ಷದ ಮೇಲೆ ಕನ್ನಡದ ಅಂಕಣಕಾರ ವಾರ ವಾರ ಮಾಡುತ್ತಿರುವುದೂ ಅದನ್ನೇ. ಮಾತನಾಡುವವನಿಗೆ ಕಾಕು ಇದೆ, ದನಿ ಎಳೆದೋ ಹುಬ್ಬು ಹಾರಿಸಿಯೋ ಚುಚ್ಚಬಹುದು. ಅಚ್ಚಿನ ಕಾಗದಕ್ಕೆ ಹುಬ್ಬಿಲ್ಲ. ಆ ಕೆಲಸವನ್ನೆಲ್ಲ ಪದಗಳ ಬಾಲಕ್ಕೆ ಒಪ್ಪಿಸಬೇಕು.

ಕೊಳ್ಳುವವರು, ಬಿಡುವವರು

ಕನ್ನಡದ ಬಾಲಗಳಲ್ಲಿ ಅಂಕಣಕಾರನಿಗೆ ಅತ್ಯಂತ ಪ್ರಿಯವಾದವು ಎರಡು: ‘ಕೊಳ್ಳು’ ಮತ್ತು ‘ಬಿಡು’. ‘ಸಚಿವರು ತಮ್ಮ ನಿರ್ಧಾರವನ್ನು ಸಮರ್ಥಿಸಿದರು’ ಅನ್ನುವಾಗ ಸಚಿವರ ಬಳಿ ಏನೋ ಕಾರಣವಿದೆ ಅನ್ನಿಸುತ್ತದೆ. ‘ಸಮರ್ಥಿಸಿಕೊಂಡರು’ ಅಂದ ತಕ್ಷಣ ಅವರು ಮೂಲೆಗೆ ಒತ್ತರಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ‘ಹೇಳಿದರು’ ತಟಸ್ಥ. ‘ಹೇಳಿಕೊಂಡರು’ ಅಂದರೆ ಹೇಳಿದ್ದು ನಿಜವೋ ಸುಳ್ಳೋ ಅವರಿಗೇ ಗೊತ್ತು. ‘ಒಪ್ಪಿದರು’ ಅಂದರೆ ಸಮ್ಮತಿ, ‘ಒಪ್ಪಿಕೊಂಡರು’ ಅಂದರೆ ತಪ್ಪು ಬಯಲಾದ ಮೇಲಿನ ಮಾತು. ‘ನುಣುಚಿಕೊಂಡರು’, ‘ಜಾರಿಕೊಂಡರು’ ಎಂಬಲ್ಲಿಗೆ ಬಂದರೆ ವರದಿ ಮುಗಿದು ತೀರ್ಪು ಶುರುವಾಗಿದೆ. ಆತ್ಮಾರ್ಥ ಸೂಚಿಸುವ ಈ ‘ಕೊಳ್ಳು’ ಎಲ್ಲ ಕಡೆಯೂ ಕೊಂಕಲ್ಲ. ‘ನೋಡಿಕೊಂಡರು’, ‘ಕೇಳಿಕೊಂಡರು’ ಎಂಬುವಲ್ಲಿ ಅದು ಪಾಪದ ಸಹಾಯಕ ಕ್ರಿಯಾಪದ. ಹಾಗಿರುವುದರಿಂದಲೇ ಅದು ಕೆಲಸಕ್ಕೆ ಬರುತ್ತದೆ. ಯಾರಾದರೂ ಆಕ್ಷೇಪಿಸಿದರೆ ‘ವ್ಯಾಕರಣ ಸ್ವಾಮಿ’ ಎಂದು ಕೈ ಚೆಲ್ಲಬಹುದು.

‘ಬಿಡು’ವಿನದು ಇನ್ನೊಂದು ವರಸೆ. ‘ಘೋಷಿಸಿದರು’ ಎಂಬುದನ್ನು ‘ಘೋಷಿಸಿಯೇಬಿಟ್ಟರು’ ಮಾಡಿದರೆ ಹಿಂದೆಮುಂದೆ ನೋಡದ ಆತುರ ಬಂದು ಸೇರುತ್ತದೆ. ಬಜೆಟ್ ಮರುದಿನದ ಅಂಕಣಗಳಲ್ಲಿ ಈ ‘ಏಬಿಟ್ಟರು’ಗಳಿಗೆ ಬರವಿಲ್ಲ.

ಹಾಗೆಯೇ ನಮ್ಮ ಪ್ರತಿಧ್ವನಿ ಪದಗಳು. ‘ಸಮಿತಿ ರಚಿಸಲಾಗಿದೆ’ ಎಂಬುದು ಸರ್ಕಾರದ ಭಾಷೆ. ‘ಸಮಿತಿ ಗಿಮಿತಿ ಎಲ್ಲ ಆಯಿತು’ ಎಂಬುದು ಜಗಲಿಕಟ್ಟೆಯ ಭಾಷೆ. ‘ತನಿಖೆ ಗಿನಿಖೆ’, ‘ಯೋಜನೆ ಗೀಜನೆ’: ಆ ‘ಗಿ’ ಅಂಟಿದ ಗಳಿಗೆಯಲ್ಲಿ ಸಮಿತಿಯ ಅಧ್ಯಕ್ಷರಾದ ನಿವೃತ್ತ ನ್ಯಾಯಮೂರ್ತಿಗಳೂ, ಅವರ ಕಾರೂ, ಅವರ ಸಾವಿರ ಪುಟದ ವರದಿಯೂ ಗುಜರಿಗೆ ಹೋಗುತ್ತವೆ. (‘ಗುಂಡಿ ಗಿಂಡಿ’ ಎಂದು ಮಾತ್ರ ಬರೆಯಬೇಡಿ, ನೀರು ಕುಡಿಯುವ ಪಾತ್ರೆ ನೆನಪಾಗುತ್ತದೆ.)

ಸರ್ಕಾರಕ್ಕೂ ತನ್ನದೇ ಪದಕೋಶ ಇದೆ. ಅದರ ಮುಖ್ಯ ಗುಣ, ವಾಕ್ಯದಲ್ಲಿ ಮನುಷ್ಯರೇ ಇಲ್ಲದಿರುವುದು. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಯಾರು ಕೈಗೊಳ್ಳುತ್ತಾರೆ? ಯಾವಾಗ? ಕರ್ಮಣಿ ಪ್ರಯೋಗ ಕನ್ನಡದ ಬಾಯಿಮಾತಿನಲ್ಲಿ ಹೆಚ್ಚಾಗಿ ಇಲ್ಲ. ಮನೆಯಲ್ಲಿ ಯಾರೂ ‘ಅನ್ನ ಬಡಿಸಲಾಗುವುದು’ ಅನ್ನುವುದಿಲ್ಲ. ಕಚೇರಿಯ ಕಡತದಲ್ಲಿ ಅದು ಬೆಳೆದದ್ದು ಹೊಣೆ ಯಾರ ತಲೆಗೂ ಬರದ ಹಾಗೆ ಮಾಡುವ ಅನುಕೂಲಕ್ಕಾಗಿ ಎಂದೇ ನನ್ನ ಗುಮಾನಿ. ಬಸ್ ಟಿಕೆಟ್ ತುಟ್ಟಿಯಾದರೆ ಅದು ‘ದರ ಪರಿಷ್ಕರಣೆ’. ಪರಿಷ್ಕರಣೆಗೊಂಡ ದರ ಇಳಿದ ಉದಾಹರಣೆ ಬಲು ಅಪರೂಪ. ಇಂಥ ಕಡೆ ಜಾಣ ಅಂಕಣಕಾರ ಹೊಸ ಪದ ಹುಡುಕಲು ಹೋಗುವುದಿಲ್ಲ. ಸರ್ಕಾರದ ಪದವನ್ನೇ ಎತ್ತಿ ಒಂಟಿ ಉದ್ಧರಣ ಚಿಹ್ನೆಯೊಳಗೆ ಕೂರಿಸುತ್ತಾನೆ: ಟಿಕೆಟ್ ದರ ‘ಪರಿಷ್ಕರಣೆ’ಗೊಂಡಿದೆ. ಇಕ್ಕಳದಲ್ಲಿ ಹಿಡಿದು ತೋರಿಸಿದ ಹಾಗೆ. ಇನ್ನೊಂದು ಉಪಾಯ, ಕರ್ತೃವನ್ನು ವಾಕ್ಯಕ್ಕೆ ವಾಪಸು ಎಳೆದುತರುವುದು. ‘ರಸ್ತೆಯಲ್ಲಿ ಗುಂಡಿಗಳು ಬಿದ್ದಿವೆ’ ಎಂಬುದನ್ನು ‘ಪಾಲಿಕೆ ರಸ್ತೆಯಲ್ಲಿ ಗುಂಡಿಗಳನ್ನು ಉಳಿಸಿಕೊಂಡು ಬಂದಿದೆ’ ಎಂದು ಬರೆದರೆ, ಆಕಾಶದಿಂದ ಬಿದ್ದಂತಿದ್ದ ಗುಂಡಿಗೆ ವಾರಸುದಾರರು ಸಿಗುತ್ತಾರೆ.

ಹಣದ ವಿಷಯಕ್ಕೆ ಬಂದರೆ ಪದಗಳಿಗೆ ಮೆಟ್ಟಿಲುಗಳಿವೆ. ಲೋಪ, ಅವ್ಯವಹಾರ, ಅಕ್ರಮ, ಹಗರಣ, ಲೂಟಿ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಕೈಯಲ್ಲಿರುವ ದಾಖಲೆ ಅಷ್ಟೇ ಗಟ್ಟಿಯಾಗಬೇಕು. ಲೆಕ್ಕಪರಿಶೋಧನೆಯ ಆಕ್ಷೇಪವೊಂದನ್ನು ಹಿಡಿದುಕೊಂಡು ‘ಲೂಟಿ’ಯ ಮೆಟ್ಟಿಲಿಗೆ ಜಿಗಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ತಲೆಬರಹಗಳಲ್ಲಿ ಬರುವ ‘ಕೋಟಿ ಗುಳುಂ’ ಎಂಬುದಂತೂ ಒಂದು ಸೋಜಿಗ. ಕಳ್ಳತನದ ಆರೋಪವನ್ನು ಮಕ್ಕಳ ತುತ್ತಿನ ಭಾಷೆಯಲ್ಲಿ ಹೇಳಿ ನಗಿಸಿಬಿಡುತ್ತದೆ. ನಕ್ಕ ಓದುಗ ಕದ್ದವನನ್ನು ಅರ್ಧ ಕ್ಷಮಿಸಿಯೂ ಆಗಿರುತ್ತದೆ.

ಬಹುವಚನದ ಬೆಲೆ

ಇಂಗ್ಲಿಷ್ ಪತ್ರಿಕೆಯವರಿಗೆ ಇಲ್ಲದ ಒಂದು ಅಸ್ತ್ರ ಕನ್ನಡದವರಿಗಿದೆ: ಗೌರವದ ಬಹುವಚನ. ಡೆಸ್ಕಿನಲ್ಲಿ ಅದನ್ನು ಯಾರೂ ನಿಯಮ ಮಾಡಿ ಗೋಡೆಗೆ ಅಂಟಿಸಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಸಚಿವರು ‘ಹೇಳಿದರು’, ಸ್ವಾಮೀಜಿ ‘ನುಡಿದರು’, ಸರಗಳ್ಳ ‘ಪರಾರಿಯಾಗಿದ್ದಾನೆ’. ಸರಗಳ್ಳನ ಮೇಲಿನ ಆರೋಪ ಕೋರ್ಟಿನಲ್ಲಿ ಇನ್ನೂ ಸಾಬೀತಾಗಿಲ್ಲ, ವ್ಯಾಕರಣ ಮಾತ್ರ ಆಗಲೇ ತೀರ್ಪು ಕೊಟ್ಟಾಗಿದೆ. ಅದೇ ಸಚಿವರೇ ಬಂಧನಕ್ಕೊಳಗಾದರೆ? ‘ಅವರನ್ನು ಬಂಧಿಸಲಾಗಿದೆ.’ ಜೈಲಿನ ಬಾಗಿಲ ತನಕವೂ ಬಹುವಚನ ಜೊತೆಗೇ ಹೋಗುತ್ತದೆ.

ಈ ಬಹುವಚನವನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂದು ಕನ್ನಡಕ್ಕೆ ತೋರಿಸಿದವರು ಪಿ. ಲಂಕೇಶ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಅವರು 1980ರಲ್ಲಿ ಜಾಹೀರಾತಿನ ಹಂಗಿಲ್ಲದ ವಾರಪತ್ರಿಕೆ ಶುರುಮಾಡಿದಾಗ ಆರ್. ಗುಂಡೂರಾವ್ ಮುಖ್ಯಮಂತ್ರಿ. ‘ಲಂಕೇಶ್ ಪತ್ರಿಕೆ’ಯ ಪುಟಗಳಲ್ಲಿ ಅವರು ‘ಗುಂ’ ಆದರು. ಮುಂದೆ ಬಂಗಾರಪ್ಪ ‘ಬಂ’. ಒಂದು ಅಕ್ಷರ, ಒಂದು ಸೊನ್ನೆ. ವಿಧಾನಸೌಧದ ಮೆಟ್ಟಿಲ ಮೇಲೆ ನಿಂತ ಮುಖ್ಯಮಂತ್ರಿಯನ್ನು ಹೋಟೆಲಿನ ಬೆಂಚಿನ ಮೇಲೆ ತಂದು ಕೂರಿಸಲು ಅಷ್ಟು ಸಾಕಾಯಿತು. ಹೆಸರು ಚಿಕ್ಕದಾದಷ್ಟೂ ಅಧಿಕಾರವೂ ಚಿಕ್ಕದಾಗಿ ಕಂಡಿತು. ಅಲ್ಲಿಯ ತನಕ ಮುಖ್ಯಮಂತ್ರಿಯನ್ನು ಎಷ್ಟು ಕಟುವಾಗಿ ಟೀಕಿಸಿದರೂ ‘ಶ್ರೀ’, ‘ಅವರು’ಗಳ ರೇಷ್ಮೆ ಬಟ್ಟೆಯೊಳಗೆ ಸುತ್ತಿಯೇ ಕೊಡುವ ಪದ್ಧತಿ ಇತ್ತು. ಲಂಕೇಶರ ‘ಟೀಕೆ ಟಿಪ್ಪಣಿ’ ಬರಹಗಳ ಬಿಸಿ ಆ ಬಟ್ಟೆಯನ್ನು ಕಳಚಿದ್ದರಿಂದಷ್ಟೇ ಬಂದದ್ದಲ್ಲ. ಅವರು ಕಥೆಗಾರ, ಕವಿ, ನಾಟಕಕಾರ. ಒಬ್ಬ ರಾಜಕಾರಣಿಯನ್ನು ಕಥೆಯ ಪಾತ್ರವನ್ನು ನೋಡುವಂತೆ, ಅವನ ಆಸೆ ಸಣ್ಣತನಗಳ ಸಮೇತ ನೋಡಬಲ್ಲವರಾಗಿದ್ದರು. ಆಮೇಲೆ ಬಂದ ಎಷ್ಟೋ ಟ್ಯಾಬ್ಲಾಯ್ಡುಗಳು ಏಕವಚನವನ್ನು ಎತ್ತಿಕೊಂಡವು, ಆ ನೋಟವನ್ನು ಎತ್ತಿಕೊಳ್ಳಲು ಅವುಗಳಿಂದ ಆಗಲಿಲ್ಲ. ‘ಅವನು’, ‘ಇವನು’ ಎಂದು ಬರೆಯುವುದೇ ಧೈರ್ಯ ಎಂದು ನಂಬಿದವರ ಗದ್ಯವನ್ನು ಇವತ್ತು ಓದಲಾಗುವುದಿಲ್ಲ.

ಕಿತ್ತುಕೊಳ್ಳುವುದಕ್ಕಿಂತ ಕಷ್ಟದ ಕೆಲಸ, ಬೇಕಾದ್ದಕ್ಕಿಂತ ಹೆಚ್ಚು ಕೊಡುವುದು. ‘ಸನ್ಮಾನ್ಯ’, ‘ಘನತೆವೆತ್ತ’, ‘ಮಹಾಪ್ರಭುಗಳು’, ‘ನಮ್ಮ ದೊರೆಗಳು’. ಅಲಂಕಾರಶಾಸ್ತ್ರದಲ್ಲಿ ಇದರ ಹೆಸರು ವ್ಯಾಜಸ್ತುತಿ. ಹರಿದಾಸರು ದೇವರನ್ನು ಬೈದು ಭಕ್ತಿ ತೋರಿಸಿದರು, ನಿಂದಾಸ್ತುತಿ ಮಾಡಿದರು. ಅಂಕಣಕಾರ ಅದನ್ನು ತಿರುವುಮುರುವು ಮಾಡಿ, ಹೊಗಳಿ ಬೈಯುತ್ತಾನೆ. ಇದರಲ್ಲಿ ಅಳತೆ ತಪ್ಪಿದರೆ ಕೆಟ್ಟಿತು. ಕಡಿಮೆಯಾದರೆ ಓದುಗ ನಿಜವಾದ ಹೊಗಳಿಕೆ ಎಂದುಕೊಳ್ಳುತ್ತಾನೆ. ಹೆಚ್ಚಾದರೆ ಶಾಲಾ ವಾರ್ಷಿಕೋತ್ಸವದ ಏಕಪಾತ್ರಾಭಿನಯವಾಗುತ್ತದೆ.

ಏರುದನಿಯೇ ಬೇಡ ಎಂದುಕೊಂಡವರೂ ನಮ್ಮಲ್ಲಿ ಇದ್ದರು. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ ಟಿ.ಎಸ್. ರಾಮಚಂದ್ರರಾವ್ ‘ಛೂಬಾಣ’ ಅಂಕಣದಲ್ಲಿ ಚುಟುಕಾಗಿ ಬಾಣ ಬಿಟ್ಟು ಸುಮ್ಮನಾಗುತ್ತಿದ್ದರು, ಆ ಜಾಗದಲ್ಲಿ ವಿಶೇಷಣಕ್ಕೆ ಆಸ್ಪದವೇ ಇರಲಿಲ್ಲ. 1942ರಲ್ಲಿ ವೈದ್ಯ ಎಂ. ಶಿವರಾಂ, ಅಂದರೆ ರಾಶಿ, ಹುಟ್ಟುಹಾಕಿದ ‘ಕೊರವಂಜಿ’ ಪತ್ರಿಕೆ ನಗಿಸುತ್ತಲೇ ಕುಟುಕುವುದನ್ನು ಕಾಲು ಶತಮಾನ ನಡೆಸಿತು. ಹಾ.ಮಾ. ನಾಯಕರ ‘ಸಂಪ್ರತಿ’ಯದು ಮೇಷ್ಟರ ದನಿ. ಉತ್ತರ ಪತ್ರಿಕೆ ತಿದ್ದುವಾಗ ಅಂಚಿನಲ್ಲಿ ಬರೆಯುವ ಸಣ್ಣ ಅಕ್ಷರದಂಥ ಟೀಕೆ ಅದು, ಕೂಗಾಟವಿಲ್ಲ. ಪತ್ರಿಕೆಯ ಅಂಕಣ ಬರಹಗಳ ಆ ಸಂಕಲನಕ್ಕೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ರದ್ದಿಗೆ ಹೋಗುವ ಬರಹ ಎಂದು ಮೂಗು ಮುರಿಯುತ್ತಿದ್ದವರು ಸ್ವಲ್ಪ ಕಾಲ ಸುಮ್ಮನಾದರು.

ಕಟಕಟೆಯಲ್ಲಿ ಪದ

ದನಿ ಎನ್ನುವುದು ಬರೀ ಶೈಲಿಯ ಮಾತಾಗಿದ್ದರೆ ಅದಕ್ಕೆ ಯಾರೂ ಜೈಲಿಗೆ ಹೋಗುತ್ತಿರಲಿಲ್ಲ. 1897ರಲ್ಲಿ ಪುಣೆಯ ಪ್ಲೇಗ್ ಗಲಾಟೆಯ ನಡುವೆ ಬಾಲಗಂಗಾಧರ ತಿಲಕರು ‘ಕೇಸರಿ’ಯಲ್ಲಿ ಬರೆದ ಒಂದು ಸಂಪಾದಕೀಯದ ತಲೆಬರಹ, ಸರ್ಕಾರದ ತಲೆ ನೆಟ್ಟಗಿದೆಯೇ ಎಂಬ ಪ್ರಶ್ನೆ. ದೊಡ್ಡ ರಾಜಕೀಯ ಪರಿಭಾಷೆ ಏನಿಲ್ಲ. ಹಾದಿ ತಪ್ಪಿದ ಮಗನನ್ನು ಮನೆಯ ಹಿರಿಯರು ಗದರುವ ಮಾತು. ಸಾಮ್ರಾಜ್ಯವನ್ನು ಆ ಮಾತಿನ ಎದುರಿಗೆ ನಿಲ್ಲಿಸಿದ್ದೇ ಅದರ ಕೆಚ್ಚು. ಅದೇ ವರ್ಷ ‘ಕೇಸರಿ’ಯ ಬೇರೆ ಬರಹಗಳಿಗಾಗಿ ಅವರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು 18 ತಿಂಗಳ ಸಜೆಯಾಯಿತು. ಅಲ್ಲಿ ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಕೊಟ್ಟ ವಿವರಣೆ ಪ್ರಸಿದ್ಧ: ಸರ್ಕಾರದ ಮೇಲೆ ಪ್ರೀತಿ ಇಲ್ಲದಿರುವುದೇ ದ್ರೋಹಭಾವ. ಟೀಕೆಯ ದನಿಯಲ್ಲಿ ಪ್ರೀತಿ ಎಲ್ಲಿಂದ ತರುವುದು?

1908ರ ಎರಡನೇ ಮೊಕದ್ದಮೆಯಲ್ಲಿ ತಿಲಕರು ತಾವೇ ವಾದ ಮಾಡಿದರು. 21 ಗಂಟೆಗೂ ಹೆಚ್ಚು ಕಾಲ ಮಾತನಾಡಿದ ಅವರು ಅದರಲ್ಲಿ ಗಣನೀಯ ಸಮಯ ಕಳೆದದ್ದು ಮರಾಠಿ ಪದಗಳ ಮೇಲೆ. ಹೈಕೋರ್ಟಿನ ಭಾಷಾಂತರಕಾರ ತಮ್ಮ ಪದಗಳನ್ನು ಇಂಗ್ಲಿಷಿಗೆ ತರುವಾಗ ತಾವು ಇಡದ ವಿಷವನ್ನು ಸೇರಿಸಿದ್ದಾನೆ ಎಂಬುದು ಅವರ ವಾದ. ಮರಾಠಿ ಓದಬಲ್ಲವರಿಗಾಗಿ ಬರೆದದ್ದನ್ನು ಅಳೆಯಲು ಕೂತ ಜ್ಯೂರಿಯಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಭಾರತೀಯರು. ತೀರ್ಪು ಬಂದದ್ದೂ 7–2ರಲ್ಲಿ. ಆರು ವರ್ಷ ಮಾಂಡಲೆ ಜೈಲು. ಅದೇ 1908ರಲ್ಲಿ ಮೈಸೂರಿನಲ್ಲಿ ದಿವಾನ್ ವಿ.ಪಿ. ಮಾಧವರಾಯರ ಆಡಳಿತ ಪತ್ರಿಕಾ ನಿರ್ಬಂಧದ ಕಾಯ್ದೆ ತಂದಿತು. ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗುವ ಬದಲು ತಮ್ಮ ಪತ್ರಿಕೆಯನ್ನೇ ನಿಲ್ಲಿಸಿದರು.

ಈಗಿನ ಅಂಕಣಕಾರನ ತಲೆಯ ಮೇಲೆ ತೂಗುವುದು ಹೆಚ್ಚಾಗಿ ಮಾನಹಾನಿಯ ಕತ್ತಿ. 1860ರ ದಂಡಸಂಹಿತೆಯ 499ನೇ ಸೆಕ್ಷನ್ನಿನಲ್ಲಿ ಒಂದು ಸ್ವಾರಸ್ಯದ ವಿವರಣೆ ಇತ್ತು: ವ್ಯಂಗ್ಯವಾಗಿ ಆಡಿದ ಮಾತೂ ಮಾನಹಾನಿಯಾಗಬಹುದು. ಅದರ ಜೊತೆಗಿನ ಉದಾಹರಣೆ ಇನ್ನೂ ಚೆನ್ನ. ಒಬ್ಬನ ಗಡಿಯಾರ ಕಳುವಾಗಿದೆ. ಇನ್ನೊಬ್ಬನನ್ನು ತೋರಿಸಿ ‘ಅವನು ಪ್ರಾಮಾಣಿಕ, ಗಡಿಯಾರ ಕದ್ದವನೇ ಅಲ್ಲ’ ಎಂದು, ಕದ್ದವನು ಅವನೇ ಎಂದು ಕೇಳಿದವರು ನಂಬಲಿ ಎಂಬ ಉದ್ದೇಶದಿಂದ ಹೇಳಿದರೆ ಅದು ಮಾನಹಾನಿ. ವ್ಯಾಜಸ್ತುತಿಯನ್ನು ಕಾನೂನು ಪುಸ್ತಕ ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡದ್ದು ಆಶ್ಚರ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೆಕ್ಷನ್ 356 ಆಯಿತು, ವಿವರಣೆ ಹಾಗೆಯೇ ದಾಟಿ ಬಂತು. ಸಾರ್ವಜನಿಕ ಸೇವಕನ ಅಧಿಕೃತ ನಡವಳಿಕೆಯ ಬಗ್ಗೆ ಸದುದ್ದೇಶದ ಅಭಿಪ್ರಾಯಕ್ಕೆ ವಿನಾಯಿತಿಯೂ ಇದೆ, ಆದರೆ ಅವನ ಗುಣ ಆ ನಡವಳಿಕೆಯಲ್ಲಿ ಕಂಡಷ್ಟಕ್ಕೆ ಮಾತ್ರ.

ಈ ಕೊನೆಯ ಗೆರೆಯನ್ನು ಕಾನೂನಿಗೆ ಹೆದರಿ ಪಾಲಿಸಬೇಕಾಗಿಲ್ಲ, ಒಳ್ಳೆಯ ಬರವಣಿಗೆಗೂ ಅದು ಬೇಕು. ದನಿಯಿಂದ ಪುರಾವೆಯ ಕೊರತೆಯನ್ನು ಮುಚ್ಚಬಹುದು, ಅದೇ ಅದರ ಅಪಾಯ. ‘ಎನ್ನಲಾಗಿದೆ’, ‘ಬಲ್ಲವರ ಪ್ರಕಾರ’, ‘ಅಂತೆ’, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಇಷ್ಟಿದ್ದರೆ ಏನೂ ತಿಳಿಯದೆಯೂ ಎಲ್ಲ ತಿಳಿದವರಂತೆ ಬರೆಯಬಹುದು. ಓದುಗ ಮಾಡಬಹುದಾದ ಪರೀಕ್ಷೆ ಸುಲಭ. ಕೊಂಕಿನ ಪದ ತೆಗೆದು ಸಾದಾ ಪದ ಹಾಕಿ ಓದಿ ನೋಡುವುದು. ‘ದಯಮಾಡಿಸಿದರು’ ತೆಗೆದು ‘ಬಂದರು’ ಹಾಕಿದರೂ ನಾಲ್ಕು ದಿನದ ತಡ ಅಲ್ಲೇ ಇರುತ್ತದೆ, ಅಂಕಣ ನಿಲ್ಲುತ್ತದೆ. ಎಷ್ಟೋ ಅಂಕಣಗಳಲ್ಲಿ ಹಾಗೆ ತೆಗೆದರೆ ಉಳಿಯುವುದು ಬರೆದವರ ಭಾವಚಿತ್ರ ಮಾತ್ರ.

ಮತ್ತೆ, ಯಾರ ಮೇಲೆ ಯಾವ ಪದ ಎನ್ನುವುದೂ ಇದೆ. ಸದನದಲ್ಲಿ ಏರುದನಿಯಲ್ಲಿ ಮಾತಾಡಿದ ಶಾಸಕ ‘ಗುಡುಗಿದರು’. ಅದೇ ದನಿಯಲ್ಲಿ ಮಾತಾಡಿದ ಶಾಸಕಿ ‘ಕಿರುಚಾಡಿದರು’. ಅವನು ‘ಖಡಕ್’, ಅವಳು ‘ಜಗಳಗಂಟಿ’. ಬರೆದವರನ್ನು ಕೇಳಿದರೆ ಇಲ್ಲಿ ಪಕ್ಷಪಾತ ಎಲ್ಲಿದೆ ಎಂದು ನಿಜವಾಗಿಯೂ ಬೆರಗಾಗುತ್ತಾರೆ.

ಇದಕ್ಕಿಂತ ಕಣ್ಣಿಗೆ ಬೀಳದ ಇನ್ನೊಂದು ಇದೆ: ಯಾರ ಮಾತನ್ನು ಆಡಿದ ಹಾಗೇ ಬರೆಯುವುದು, ಯಾರದನ್ನು ತಿದ್ದಿ ಬರೆಯುವುದು. ಮಂಡ್ಯದ ಕಡೆಯ ಶಾಸಕರು ‘ಹ’ಕಾರ ಬಿಟ್ಟು ಮಾತಾಡಿದರೆ ಅಂಕಣದಲ್ಲಿ ಆ ‘ಅ’ಕಾರ ಜೋಪಾನವಾಗಿ ಉಳಿದುಕೊಂಡಿರುತ್ತದೆ. ಕಲಬುರಗಿಯ ಕಡೆಯವರ ‘ಮಾಡ್ಲಿಕತ್ತೀವ್ರಿ’ಗೆ ಉದ್ಧರಣ ಚಿಹ್ನೆ ಹಾಕಿ ತೋರಿಸಲಾಗುತ್ತದೆ. ಅದೇ ಪುಟದಲ್ಲಿ, ಅರ್ಧ ಇಂಗ್ಲಿಷು ಬೆರೆಸಿ ಮುಗಿಸದ ವಾಕ್ಯಗಳಲ್ಲಿ ಮಾತಾಡಿದ ಬೆಂಗಳೂರಿನ ಉದ್ಯಮಿಯ ಮಾತು ಶುದ್ಧ ಗ್ರಾಂಥಿಕ ಕನ್ನಡವಾಗಿ, ಅಲ್ಪವಿರಾಮಗಳ ಸಮೇತ ಅಚ್ಚಾಗಿರುತ್ತದೆ. ಇಬ್ಬರ ಮಾತಿನಲ್ಲೂ ತಿರುಳು ಅಷ್ಟಕ್ಕಷ್ಟೇ ಇದ್ದರೂ ಒಬ್ಬರು ನಗೆಪಾಟಲಾಗುತ್ತಾರೆ, ಇನ್ನೊಬ್ಬರು ತಜ್ಞರಾಗುತ್ತಾರೆ.

ಆಡುಮಾತನ್ನು ಬಿಟ್ಟುಬಿಡಬೇಕು ಎಂದಲ್ಲ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶರ ಪತ್ರಿಕೆ ಹಳ್ಳಿಯ ಮಾತನ್ನು ಧಾರಾಳವಾಗಿ ಬಳಸಿತು, ಆದರೆ ಅಲ್ಲಿ ಅದು ಟೀಕಿಸುವವರ ಬಾಯಲ್ಲಿತ್ತು. ವಿಧಾನಸೌಧವನ್ನು ಹಳ್ಳಿಯ ನಾಲಿಗೆ ಪ್ರಶ್ನಿಸುತ್ತಿತ್ತು. ಈಗಿನ ಬಹುಪಾಲು ಅಂಕಣಗಳಲ್ಲಿ ಅದೇ ನಾಲಿಗೆ ಟೀಕೆಗೊಳಗಾದವರ ಬಾಯಲ್ಲಿದೆ, ಟೀಕಿಸುವವರು ಪಠ್ಯಪುಸ್ತಕದ ಕನ್ನಡದಲ್ಲಿ ಕೂತಿದ್ದಾರೆ.